ಬಲ್ಲಾಳ (ಕುಲನಾಮ)

ಬಲ್ಲಾಳ ಎಂಬುದು ಕರ್ನಾಟಕದ ಕರಾವಳಿಯಲ್ಲಿ, ಮುಖ್ಯವಾಗಿ ತುಳುನಾಡಿನಲ್ಲಿ ಬಳಕೆಯಲ್ಲಿರುವ ಒಂದು ವಿರಳ ಕುಲನಾಮ. ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳು ಹಾಗೂ ಕೇರಳದ ಕಾಸರಗೋಡು ಪ್ರದೇಶ ಇದರ ಮೂಲ ನೆಲೆ. ಜೈನರು, ಬಂಟರು ಮತ್ತು ಶಿವಳ್ಳಿ ಬ್ರಾಹ್ಮಣರು, ಹೀಗೆ ಬೇರೆ ಬೇರೆಯಾದ ಮೂರು ಸಮುದಾಯಗಳಲ್ಲಿ ಈ ಹೆಸರು ಇದೆ. ಒಂದೇ ಹೆಸರು ಮೂರು ಕಡೆ ಕಾಣಿಸಿಕೊಳ್ಳಲು ಕಾರಣ ಅದರ ಚರಿತ್ರೆಯಲ್ಲಿದೆ. ಬಲ್ಲಾಳ ಎಂಬುದು ಮೊದಲಿಗೆ ‘ಪರಾಕ್ರಮಿ’ ಎಂಬ ಅರ್ಥದ ಸಾಮಾನ್ಯ ಪದವಾಗಿತ್ತು; ಮುಂದೆ ಅರಸರು ಇಟ್ಟುಕೊಂಡ ಹೆಸರಾಯಿತು; ತುಳುನಾಡಿನಲ್ಲಿ ಊರಾಳುವ ಒಡೆಯನ ಪದವಿಯಾಯಿತು; ಕೊನೆಗೆ ಆ ಪದವಿ ಇದ್ದ ಮನೆಗಳ ಕುಲನಾಮವಾಗಿ ಉಳಿಯಿತು.

ಹೆಸರು ವಿರಳವಾಗಿರುವುದಕ್ಕೂ ಕಾರಣ ಇದೇ. ಕಸುಬಿನಿಂದಲೋ ಜಾತಿಯಿಂದಲೋ ಬಂದ ಕುಲನಾಮಗಳು ಊರೂರಿಗೆ ಹಬ್ಬುತ್ತವೆ. ಒಂದು ಸೀಮೆಗೆ ಒಬ್ಬನೇ ಬಲ್ಲಾಳ ಇರುತ್ತಿದ್ದುದರಿಂದ ಆ ಸೀಮೆಯಲ್ಲಿ ಬಲ್ಲಾಳರ ಮನೆಯೂ ಒಂದೇ ಆಗಿರುತ್ತಿತ್ತು.

ಪದದ ಹುಟ್ಟು

ಬಲ್ಲಾಳ ಎಂಬುದು ‘ಬಲ್’ ಮತ್ತು ‘ಆಳ್’ ಎಂಬ ಎರಡು ದ್ರಾವಿಡ ಪದಗಳು ಸೇರಿ ಆದ ಸಮಾಸ. ಬಲ್ ಎಂದರೆ ಬಲವುಳ್ಳ, ಗಟ್ಟಿಯಾದ ಎಂದರ್ಥ. ಬಲ್ಲಿದ, ಬಲ್ಮೆ, ಬಲ್ಗೈ ಮುಂತಾದ ಪದಗಳಲ್ಲಿ ಇರುವುದೂ ಇದೇ ಬಲ್. ಆಳ್ ಎಂದರೆ ಯೋಧ, ಕಾಲಾಳು, ಮನುಷ್ಯ. ಹ್ರಸ್ವ ಸ್ವರವುಳ್ಳ ಒಂಟಿ ಪದದ ಮುಂದೆ ಸ್ವರ ಬಂದಾಗ ಅದರ ಕೊನೆಯ ವ್ಯಂಜನ ಇಮ್ಮಡಿಯಾಗುವುದು ಕನ್ನಡದ ಸಹಜ ಕ್ರಮ. ಕಣ್ ಮತ್ತು ಅಲ್ಲಿ ಸೇರಿ ‘ಕಣ್ಣಲ್ಲಿ’ ಆದಂತೆ ಬಲ್ ಮತ್ತು ಆಳ್ ಸೇರಿ ‘ಬಲ್ಲಾಳ್’ ಆಯಿತು. ಹಳಗನ್ನಡದಲ್ಲಿ ಬಲ್ಲಾಳ್ ಎಂದರೆ ಶೂರ, ಬಲ್ಲಾಳ್ತನ ಎಂದರೆ ಶೌರ್ಯ.

ತಮಿಳಿನಲ್ಲಿ ಈ ಹೆಸರಿನ ರೂಪ ‘ವಲ್ಲಾಳ’. ಕನ್ನಡದ ಬಾಯಿ ತಮಿಳಿನಲ್ಲಿ ವಾಯ್, ಬೇರು ವೇರ್, ಬಾಳೆ ವಾಳೈ ಆಗಿರುವ ಹಾಗೆಯೇ ಬಲ್ಲಾಳ ವಲ್ಲಾಳ ಆಗಿದೆ. ಸಂಸ್ಕೃತದಲ್ಲಿ ಇದನ್ನು ಬಲ್ಲಾಲ, ವಲ್ಲಾಲ ಎಂದು ಎರಡು ಬಗೆಯಲ್ಲಿ ಬರೆದಿದ್ದಾರೆ. ಸಂಸ್ಕೃತದ ‘ಬಲ’ ಶಬ್ದದಿಂದ ಈ ಹೆಸರು ಬಂದಿತೆನ್ನುವ ವಿವರಣೆಯೂ ಕೇಳಿಬರುವುದುಂಟು. ಆದರೆ ಅಲ್ಲಿ ಲಕಾರ ಇಮ್ಮಡಿಯಾಗಲು ಕಾರಣ ಸಿಗುವುದಿಲ್ಲ. ದ್ರಾವಿಡದ ಬಲ್ ಎಂಬ ಧಾತುವಿನಿಂದ ಅದು ತಾನಾಗಿ ಒದಗುತ್ತದೆ.

ಅರಸರ ಹೆಸರಾಗಿ

ಈ ಹೆಸರನ್ನು ದಕ್ಷಿಣ ಭಾರತದ ಉದ್ದಗಲಕ್ಕೆ ಪರಿಚಯಿಸಿದವರು ಹೊಯ್ಸಳರು. ಎರೆಯಂಗ ಮತ್ತು ಏಚಲದೇವಿಯರ ಮೂವರು ಮಕ್ಕಳಲ್ಲಿ ಹಿರಿಯನೇ ಒಂದನೆಯ ಬಲ್ಲಾಳ; ವಿಷ್ಣುವರ್ಧನ, ಉದಯಾದಿತ್ಯರು ಅವನ ತಮ್ಮಂದಿರು. ಹನ್ನೆರಡನೆಯ ಶತಮಾನದ ಮೊದಲ ದಶಕದಲ್ಲಿ ಕೆಲವೇ ವರ್ಷ ಆಳಿದ ಈತ ಕಾಯಿಲೆಯಿಂದ ಸಾವಿನಂಚಿಗೆ ಹೋಗಿದ್ದಾಗ ಜೈನ ಗುರು ಚಾರುಕೀರ್ತಿ ಪಂಡಿತರು ಬದುಕಿಸಿದರೆಂದು ಶ್ರವಣಬೆಳಗೊಳದ ಪರಂಪರೆ ಹೇಳುತ್ತದೆ. ಅಲ್ಲಿನ ಮಠದ ಬಿರುದಾವಳಿಯಲ್ಲಿ ಬರುವ ‘ಬಲ್ಲಾಳರಾಯ ಜೀವರಕ್ಷಾಪಾಲಕ’ ಎಂಬ ಮಾತು ಈ ನೆನಪನ್ನು ಉಳಿಸಿಕೊಂಡಿದೆ.

1173ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ವೀರಬಲ್ಲಾಳ ಕಲ್ಯಾಣದ ಚಾಲುಕ್ಯರ ಅಧೀನತೆಯನ್ನು ಕಳಚಿ ಹೊಯ್ಸಳ ರಾಜ್ಯವನ್ನು ಸ್ವತಂತ್ರಗೊಳಿಸಿ 1220ರವರೆಗೆ ಆಳಿದ. ಮೂರನೆಯ ವೀರಬಲ್ಲಾಳನ ಕಾಲದಲ್ಲಿ, 1311ರಲ್ಲಿ, ದೆಹಲಿಯ ಸೇನಾನಿ ಮಲಿಕ್ ಕಾಫೂರನ ಸೈನ್ಯ ಹೊಯ್ಸಳ ರಾಜಧಾನಿ ದೋರಸಮುದ್ರಕ್ಕೆ ಬಂದಿತು. ಮುಂದೆ ಈ ಅರಸ ತಿರುವಣ್ಣಾಮಲೈಯನ್ನು ನೆಲೆ ಮಾಡಿಕೊಂಡು ಮಧುರೆಯ ಸುಲ್ತಾನರೊಡನೆ ಹೋರಾಡಿ, 1340ರ ದಶಕದ ಆರಂಭದಲ್ಲಿ ಸೆರೆಸಿಕ್ಕು ಹತನಾದ. ಆ ಸುಮಾರಿಗೆ ಮಧುರೆಗೆ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಈ ಅರಸನ ಅಂತ್ಯವನ್ನು ದಾಖಲಿಸಿದ್ದಾನೆ. ಅವನ ಅರಬ್ಬಿ ಬರಹದಲ್ಲಿ ಬಲ್ಲಾಳದೇವನ ಹೆಸರು ‘ಬಲಾಲ್ ದೇವ್’ ಆಗಿದೆ.

ತಿರುವಣ್ಣಾಮಲೈಯ ಜನರ ಬಾಯಲ್ಲಿ ಈ ಅರಸ ಇಂದಿಗೂ ‘ವಲ್ಲಾಳ ಮಹಾರಾಜ’. ಅರುಣಾಚಲೇಶ್ವರ ದೇವಾಲಯದ ಗೋಪುರಗಳಲ್ಲಿ ಒಂದಕ್ಕೆ ವಲ್ಲಾಳ ಗೋಪುರವೆಂದೇ ಹೆಸರು. ಮಕ್ಕಳಿಲ್ಲದ ಅರಸನಿಗೆ ಶಿವನೇ ಮಗನಾಗಿ ಬಂದನೆಂಬುದು ಅಲ್ಲಿನ ಐತಿಹ್ಯ. ಮಗನಾದ ಮೇಲೆ ತಂದೆಯ ತಿಥಿ ಮಾಡಲೇಬೇಕಷ್ಟೆ. ಅದರಂತೆ ಪ್ರತಿವರ್ಷ ಮಾಸಿ ತಿಂಗಳ ಮಘಾ ನಕ್ಷತ್ರದ ದಿನ ದೇವರ ಉತ್ಸವಮೂರ್ತಿಯನ್ನು ಪಳ್ಳಿಕೊಂಡಾಪಟ್ಟು ಎಂಬ ಹಳ್ಳಿಯ ಹೊಳೆದಂಡೆಗೆ ಕೊಂಡೊಯ್ದು, ವಲ್ಲಾಳನಿಗೆ ಪಿತೃಕಾರ್ಯ ಮಾಡಿಸುತ್ತಾರೆ. ವೀರಶೈವ ಪರಂಪರೆಯಲ್ಲಿಯೂ ಸಿಂಧುಬಲ್ಲಾಳ ಎಂಬ ಪುರಾತನ ಶರಣನ ಕಥೆಯಿದೆ. ಜಂಗಮ ವೇಷದಲ್ಲಿ ಬಂದ ಶಿವ ಹೆಂಡತಿಯನ್ನೇ ಬೇಡಿದಾಗಲೂ ಇಲ್ಲವೆನ್ನದವನು ಈತ. ತಿರುವಣ್ಣಾಮಲೈಯ ಕಥೆಯ ಅರಸನೂ ಅಂಥದೇ ಪರೀಕ್ಷೆಗೆ ಒಳಗಾಗುತ್ತಾನೆ. ಎರಡು ನಾಡುಗಳ ಕಥೆಗಳಲ್ಲಿ ಬಲ್ಲಾಳನೆಂದರೆ ಕೊಟ್ಟ ಮಾತಿಗೆ ತಪ್ಪದ ದಾನಿ.

ಹೊಯ್ಸಳರಲ್ಲದ ಬಲ್ಲಾಳರೂ ಇದ್ದರು. ಕೊಲ್ಲಾಪುರದ ಶಿಲಾಹಾರ ಮನೆತನದಲ್ಲಿ ಬಲ್ಲಾಳನೆಂಬ ಅರಸನಿದ್ದ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ಮಾಳವವನ್ನು ಹಿಡಿದಿದ್ದ ಬಲ್ಲಾಳನೊಬ್ಬ ಗುಜರಾತಿನ ಕುಮಾರಪಾಲನ ಕಡೆಯವರ ಕೈಯಲ್ಲಿ ಮಡಿದ. ಎಲ್ಲಕ್ಕಿಂತ ದೂರ ಹೋದದ್ದು ಬಂಗಾಳದ ಬಲ್ಲಾಳಸೇನನ ಹೆಸರು. ಸೇನ ವಂಶದವರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡವರು. ವಿಜಯಸೇನನ ಮಗನಾದ ಬಲ್ಲಾಳಸೇನ ಸುಮಾರು 1160ರಿಂದ 1179ರವರೆಗೆ ಆಳಿದ. ‘ದಾನಸಾಗರ’ವನ್ನು ರಚಿಸಿ, ‘ಅದ್ಭುತಸಾಗರ’ವನ್ನು ಆರಂಭಿಸಿದ. ಪಶ್ಚಿಮ ಬಂಗಾಳದ ನದಿಯಾ ಜಿಲ್ಲೆಯ ‘ಬಲ್ಲಾಲ್ ಢಿಪಿ’ ಎಂಬ ಇಟ್ಟಿಗೆ ದಿಬ್ಬ ಅವನ ಹೆಸರಿನಲ್ಲಿದೆ. ಕನ್ನಡದ ಒಂದು ಹೆಸರು ಭಾಗೀರಥಿಯ ದಡದವರೆಗೆ ಹೋದದ್ದಕ್ಕೆ ಆ ದಿಬ್ಬ ಗುರುತು.

ಇಷ್ಟೆಲ್ಲ ಕಡೆಗಳಲ್ಲಿ ಬಲ್ಲಾಳ ಎಂಬುದು ವ್ಯಕ್ತಿಯ ಹೆಸರು ಮಾತ್ರ. ಅರಸನೊಡನೆ ಆ ಹೆಸರೂ ಮುಗಿಯಿತು. ಅದು ಮನೆತನದ ಹೆಸರಾಗಿ ತಲೆಮಾರಿನಿಂದ ತಲೆಮಾರಿಗೆ ಇಳಿದದ್ದು ತುಳುನಾಡಿನಲ್ಲಿ.

ತುಳುನಾಡಿನಲ್ಲಿ ಪದವಿಯಾಗಿ

ತುಳುನಾಡನ್ನು ಹದಿನಾಲ್ಕನೆಯ ಶತಮಾನದವರೆಗೆ ಆಳುಪರು ಆಳಿದರು. ಮೂರನೆಯ ವೀರಬಲ್ಲಾಳ ಆಳುಪ ರಾಜಕುಮಾರಿ ಚಿಕ್ಕಾಯಿತಾಯಿಯನ್ನು ಮದುವೆಯಾದ ಮೇಲೆ ಬಾರಕೂರಿನಲ್ಲಿ ಹೊಯ್ಸಳರ ಪ್ರಭಾವ ನೆಲೆಗೊಂಡಿತು. ಗಂಡನ ಮರಣದ ನಂತರವೂ ಈ ರಾಣಿಗೆ ಅಧಿಕಾರವಿತ್ತು. 1346ರ ಶೃಂಗೇರಿ ಶಾಸನದಲ್ಲಿ ಅವಳ ಹೆಸರು ಬರುತ್ತದೆ. ಅಲ್ಲಿಂದ ಮುಂದೆ ನಾಡು ವಿಜಯನಗರದ ಕೈಗೆ ಬಂದು, ಬಾರಕೂರು ರಾಜ್ಯ ಮತ್ತು ಮಂಗಳೂರು ರಾಜ್ಯ ಎಂದು ಎರಡು ಭಾಗವಾಯಿತು. ಮೇಲೆ ರಾಜ್ಯಪಾಲರು ಬದಲಾಗುತ್ತಿದ್ದರೂ ನೆಲದ ಮೇಲಿನ ಆಡಳಿತ ಸ್ಥಳೀಯ ಒಡೆಯರದೇ ಆಗಿತ್ತು. ಕಾರ್ಕಳದ ಭೈರರಸರು, ಪುತ್ತಿಗೆ ಮತ್ತು ಉಳ್ಳಾಲದ ಚೌಟರು, ಬಂಗಾಡಿಯ ಬಂಗರು, ವೇಣೂರಿನ ಅಜಿಲರು, ಮೂಲ್ಕಿಯ ಸಾವಂತರು, ವಿಟ್ಲದ ಡೊಂಬ ಹೆಗ್ಗಡೆಗಳು ದೊಡ್ಡ ಸೀಮೆಗಳ ಅರಸರು. ಅವರ ಕೆಳಗೆ ಒಂದೊಂದು ಮಾಗಣೆಯನ್ನು, ಅಂದರೆ ಕೆಲವು ಗ್ರಾಮಗಳ ಗುಂಪನ್ನು, ನೋಡಿಕೊಳ್ಳುತ್ತಿದ್ದವರಲ್ಲಿ ಬಲ್ಲಾಳರು ಮುಖ್ಯರು.

ಬಲ್ಲಾಳನ ಮನೆಗೆ ‘ಬೀಡು’ ಎಂದು ಹೆಸರು. ಬೀಡು ಎಂದರೆ ದಂಡು ಇಳಿಯುವ ತಾಣ, ಆಳುವವನ ನೆಲೆ. ಹೊಯ್ಸಳರ ಹಾಳಾದ ರಾಜಧಾನಿಯನ್ನು ಜನ ಹಳೇಬೀಡು ಎಂದಾಗಲೂ ಇದೇ ಪದವನ್ನು ಬಳಸಿದರು. ತುಳುನಾಡಿನ ಗ್ರಾಮವ್ಯವಸ್ಥೆಯಲ್ಲಿ ಬೀಡಿನದು ಮೇಲಿನ ಸ್ಥಾನ. ಗುತ್ತು, ಬರ್ಕೆ, ಬಾವ ಮೊದಲಾದ ಮನೆಗಳು ಅದರ ನಂತರ ಬರುತ್ತವೆ. ಗೇಣಿ ಎತ್ತುವುದು, ನ್ಯಾಯ ಹೇಳುವುದು, ಕಾಳಗಕ್ಕೆ ಜನ ಕೂಡಿಸುವುದು, ದೇವಸ್ಥಾನ ಮತ್ತು ದೈವಸ್ಥಾನಗಳ ಉತ್ಸವಗಳನ್ನು ನಡೆಸಿಕೊಡುವುದು ಬಲ್ಲಾಳನ ಹೊಣೆಯಾಗಿತ್ತು.

ಈ ಹೊಣೆಗಳಲ್ಲಿ ಕೊನೆಯದು ಈಗಲೂ ನಿಂತಿಲ್ಲ. ಗ್ರಾಮದೈವದ ನೇಮದ, ಅಂದರೆ ವಾರ್ಷಿಕ ಉತ್ಸವದ, ದಿನ ಹಲವೆಡೆ ದೈವದ ಭಂಡಾರ ಹೊರಡುವುದು ಬೀಡಿನಿಂದಲೇ. ಲೋಹದ ಮೊಗ, ಕಡ್ತಲೆ, ಮಣಿ, ಆಭರಣಗಳನ್ನು ಚಾವಡಿಯಿಂದ ಇಳಿಸಿ ಮೆರವಣಿಗೆಯಲ್ಲಿ ತರುತ್ತಾರೆ. ದೈವ ಕಟ್ಟುವವನಿಗೆ ಎಣ್ಣೆಬೂಳ್ಯ (ಎಣ್ಣೆ, ವೀಳ್ಯ) ಸಲ್ಲುವಾಗ, ದೈವ ಮೈಮೇಲೆ ಬಂದು ನುಡಿ ಕೊಡುವಾಗ ಊರಿನ ಮನೆತನಗಳನ್ನು ಅವುಗಳ ಅಂತಸ್ತಿನ ಕ್ರಮದಲ್ಲಿ ಹೆಸರಿಸಬೇಕು. ಬೀಡಿನ ಬಲ್ಲಾಳನನ್ನು ಮೊದಲು ಕರೆದ ಮೇಲೆಯೇ ಗುತ್ತಿನವರ ಸರದಿ. ಕಂದಾಯದ ದಫ್ತರದಲ್ಲಿ ಎಂದೋ ಅಳಿಸಿಹೋದ ಪದವಿಯನ್ನು ದೈವದ ನುಡಿ ಹೀಗೆ ವರ್ಷಕ್ಕೊಮ್ಮೆ ಕೂಗಿ ಹೇಳುತ್ತದೆ.

ಪಾಡ್ದನಗಳ ಸಾಕ್ಷ್ಯ

ಬಲ್ಲಾಳ ಎಂಬುದು ಒಂದು ವಂಶದ ಹೆಸರಾಗಿರದೆ ಪದವಿಯಾಗಿತ್ತು ಎಂಬುದು ಕೋಟಿ ಚೆನ್ನಯರ ಪಾಡ್ದನದಲ್ಲಿ, ಅಂದರೆ ಬಾಯಿಂದ ಬಾಯಿಗೆ ಬಂದ ತುಳು ಕಥನಗೀತದಲ್ಲಿ, ಸ್ಪಷ್ಟವಾಗಿ ಕಾಣುತ್ತದೆ. ಬಿಲ್ಲವ ವೀರರಾದ ಈ ಅವಳಿಗಳ ಕಥೆಯಲ್ಲಿ ಒಬ್ಬರಲ್ಲ, ಮೂವರು ಬಲ್ಲಾಳರು ಬರುತ್ತಾರೆ. ಪಡುಮಲೆಯ ಪೆರುಮಾಳ ಬಲ್ಲಾಳನ ಕಾಲಿಗೆ ಮುಳ್ಳು ಹೊಕ್ಕು ಗಾಯ ಮಾಗದೆ ಹೋದಾಗ, ತುಂಬು ಬಸುರಿಯಾದ ದೇಯಿ ಬೈದೆತಿ ಮದ್ದು ಮಾಡಿ ಗುಣಪಡಿಸುತ್ತಾಳೆ. ಅವಳಿ ಮಕ್ಕಳನ್ನು ಹೆತ್ತು ಅವಳು ತೀರಿಕೊಂಡ ಮೇಲೆ ಆ ಮಕ್ಕಳು ಬಲ್ಲಾಳನ ಆಶ್ರಯದಲ್ಲಿ ಬೆಳೆಯುತ್ತಾರೆ. ಬಲ್ಲಾಳನ ಮಂತ್ರಿ ಬುದ್ಯಂತನೊಡನೆ ಜಗಳವಾಗಿ, ಬಲ್ಲಾಳನಿಂದಲೂ ನ್ಯಾಯ ಸಿಗದೆ ಅವರು ಪಡುಮಲೆಯನ್ನು ಬಿಟ್ಟು ಪಂಜಕ್ಕೆ ಹೋಗುತ್ತಾರೆ. ಅಲ್ಲಿನ ಒಡೆಯ ಕೆಮರ ಬಲ್ಲಾಳ. ಅವನ ಸೆರೆಯಿಂದ ತಪ್ಪಿಸಿಕೊಂಡು ಎಣ್ಮೂರಿಗೆ ಬಂದಾಗ ಆಸರೆ ಕೊಡುವವನು ದೇವ ಬಲ್ಲಾಳ. ಕೊನೆಯ ಕಾಳಗದಲ್ಲಿ ಬಲ್ಲಾಳರೇ ಬಲ್ಲಾಳರಿಗೆ ಎದುರಾಗಿ ನಿಲ್ಲುತ್ತಾರೆ.

ಮೂವರಿಗೂ ಬೇರೆ ಬೇರೆ ಅಂಕಿತನಾಮಗಳಿವೆ, ಬೇರೆ ಬೇರೆ ಊರುಗಳಿವೆ. ಬಲ್ಲಾಳ ಎಂಬುದೊಂದು ಸಮಾನ. ಅಂಕಿತನಾಮಕ್ಕಿಂತ ಹೆಚ್ಚಾಗಿ ಊರಿನ ಹೆಸರಿನಿಂದಲೇ ಅವರನ್ನು ಗುರುತಿಸುವುದು ವಾಡಿಕೆ: ಪಡುಮಲೆ ಬಲ್ಲಾಳ, ಪಂಜದ ಬಲ್ಲಾಳ, ಎಣ್ಮೂರು ಬಲ್ಲಾಳ. ತುಳುವಿನಲ್ಲಿ ಗೌರವದ ರೂಪ ‘ಬಲ್ಲಾಕುಳು’, ಹೆಣ್ಣಿಗೆ ‘ಬಲ್ಲಾಳ್ತಿ’. ಹೀಗೆ ಲಿಂಗಕ್ಕೂ ಗೌರವಕ್ಕೂ ತಕ್ಕಂತೆ ರೂಪ ಬದಲಿಸುವುದು ಪದವಿಸೂಚಕ ಪದಗಳ ಲಕ್ಷಣ. ಕುಲನಾಮಗಳು ಸಾಮಾನ್ಯವಾಗಿ ಹಾಗೆ ಬದಲಾಗುವುದಿಲ್ಲ.

ತುಳುನಾಡಿನ ಬಲ್ಲಾಳರು ಹೊಯ್ಸಳ ಸಂತತಿಯವರೇ ಎಂಬ ಪ್ರಶ್ನೆಗೂ ಇಲ್ಲಿಯೇ ಉತ್ತರದ ದಾರಿಯಿದೆ. ಹೊಯ್ಸಳರ ಪ್ರಭಾವದಿಂದ ಹೆಸರಿಗೆ ಘನತೆ ಹೆಚ್ಚಿರಬಹುದು. ಆದರೆ ಶೂರನೆಂಬ ಅರ್ಥದ ಪದ ನುಡಿಯಲ್ಲಿ ಮೊದಲೇ ಇದ್ದುದರಿಂದ, ಹೊಯ್ಸಳರ ಸಂಬಂಧವಿಲ್ಲದೆಯೂ ಅದು ಒಡೆಯನ ಬಿರುದಾಗಬಹುದಿತ್ತು. ಹೆಸರು ಹೋಲುತ್ತದೆ ಎಂಬುದರಿಂದಲೇ ರಕ್ತಸಂಬಂಧ ಸಿದ್ಧವಾಗುವುದಿಲ್ಲ.

ಪದವಿಯಿಂದ ಕುಲನಾಮಕ್ಕೆ

ಹದಿನಾರನೆಯ ಶತಮಾನದಿಂದ ಕೆಳದಿ ನಾಯಕರು ಕರಾವಳಿಯ ಒಡೆಯರನ್ನು ಒಬ್ಬೊಬ್ಬರಾಗಿ ಹತೋಟಿಗೆ ತಂದರು. 1763ರಲ್ಲಿ ಅವರ ರಾಜಧಾನಿ ಬಿದನೂರು ಹೈದರಾಲಿಯ ವಶವಾಯಿತು. 1799ರಲ್ಲಿ ನಾಡು ಈಸ್ಟ್ ಇಂಡಿಯಾ ಕಂಪನಿಗೆ ಸೇರಿ, ಥಾಮಸ್ ಮನ್ರೋ ಕೆನರಾದ ಮೊದಲ ಕಲೆಕ್ಟರಾಗಿ ಬಂದ. ಕಂದಾಯ ನೇರವಾಗಿ ಸರ್ಕಾರಕ್ಕೆ ಸಲ್ಲತೊಡಗಿದ ಮೇಲೆ ಬಲ್ಲಾಳನ ಆಡಳಿತದ ಅಧಿಕಾರ ಮುಗಿಯಿತು; ಬೀಡಿನ ಭೂಮಿ ಮತ್ತು ಗೇಣಿಯ ಹಕ್ಕು ಮಾತ್ರ ಉಳಿದವು. ಕಚೇರಿ, ಶಾಲೆ, ನ್ಯಾಯಾಲಯಗಳ ಕಾಗದಗಳಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆಯೂ ಮನೆತನದ ಹೆಸರು ಬರೆಯುವ ರೂಢಿ ಬೆಳೆದಂತೆ, ಮನೆಯ ಯಜಮಾನನೊಬ್ಬನಿಗೆ ಸಲ್ಲುತ್ತಿದ್ದ ಪದವಿ ಮನೆಯವರೆಲ್ಲರ ಕುಲನಾಮವಾಯಿತು.

ಈ ಬದಲಾವಣೆ ಎಲ್ಲ ಸಮುದಾಯಗಳಲ್ಲೂ ಒಂದೇ ಬಗೆಯಲ್ಲಿ ನಡೆಯಲಿಲ್ಲ. ಬಂಟರಲ್ಲಿ ಮತ್ತು ತುಳುನಾಡಿನ ಜೈನರಲ್ಲಿ ಅಳಿಯಸಂತಾನ ಪದ್ಧತಿ ಇತ್ತು. ಬೀಡಿನ ಗಡಿ, ಅಂದರೆ ಯಜಮಾನಿಕೆ, ಬಲ್ಲಾಳನ ಮಗನಿಗೆ ಹೋಗದೆ ಅವನ ಅಕ್ಕತಂಗಿಯರ ಮಗನಿಗೆ ಹೋಗುತ್ತಿತ್ತು. ತಂದೆ ಬಲ್ಲಾಳ, ಮಗ ಶೆಟ್ಟಿ ಅಥವಾ ಹೆಗ್ಡೆ. ಸೋದರಮಾವ ಬಲ್ಲಾಳ, ಅಳಿಯನೂ ಬಲ್ಲಾಳ: ಇದು ಅಲ್ಲಿ ಸಹಜವಾಗಿತ್ತು. ಗಡಿ ಹಿಡಿದವನು ಮಾತ್ರ ಬಲ್ಲಾಳನೆನಿಸಿ, ಅದೇ ಮನೆಯ ಉಳಿದವರು ಬೇರೆ ಕುಲನಾಮದಲ್ಲಿ ಇರುವುದೂ ಇದೆ. ಬಂಟರಲ್ಲಿ ಮದುವೆಯ ಸಂಬಂಧಕ್ಕೆ ನೋಡುವುದು ತಾಯಿಯಿಂದ ಬರುವ ‘ಬರಿ’ಯನ್ನು, ಅಂದರೆ ಕುಲವನ್ನು. ಬಲ್ಲಾಳ ಎಂಬುದು ಯಾವುದೇ ‘ಬರಿ’ಯ ಹೆಸರಲ್ಲ. ಇಬ್ಬರು ಬಲ್ಲಾಳರ ಬರಿಗಳು ಬೇರೆಯಾಗಿರಬಹುದು.

1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಕುಟುಂಬದ ಆಸ್ತಿಯ ವಿಭಾಗಕ್ಕೆ ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ನಂತರ ಆಸ್ತಿ ಮಕ್ಕಳಿಗೆ ಇಳಿಯತೊಡಗಿತು. ಅದರೊಂದಿಗೆ ತಂದೆಯ ಕುಲನಾಮವನ್ನು ಮಕ್ಕಳು ಇಟ್ಟುಕೊಳ್ಳುವುದೂ ಹೆಚ್ಚಿತು. 1974ರಲ್ಲಿ ಕರ್ನಾಟಕದ ಭೂಸುಧಾರಣೆ ಕಾಯಿದೆಗೆ ತಂದ ತಿದ್ದುಪಡಿ ಗೇಣಿ ಪದ್ಧತಿಯನ್ನೇ ಕೊನೆಗಾಣಿಸಿ, ಉಳುವ ಒಕ್ಕಲುಗಳಿಗೆ ಭೂಮಿಯನ್ನು ಕೊಟ್ಟಿತು. ಬೀಡುಗಳ ಕೈಯಲ್ಲಿದ್ದ ಗೇಣಿ ಭೂಮಿ ಹೀಗೆ ಕೈಬಿಟ್ಟಿತು. ಆಡಳಿತ ಹೋಗಿ, ಗೇಣಿ ಹೋಗಿ, ಹಲವು ಮನೆಗಳಲ್ಲಿ ಚಾವಡಿಯೂ ದೈವದ ಹೊಣೆಯೂ ಮನೆತನದ ಹೆಸರೂ ಉಳಿದವು.

ಶಿವಳ್ಳಿ ಬ್ರಾಹ್ಮಣರಲ್ಲಿ ಮಕ್ಕಳ ಸಂತಾನ ಪದ್ಧತಿ ಇರುವುದರಿಂದ ಹೆಸರು ತಂದೆಯಿಂದ ಮಗನಿಗೆ ನೇರವಾಗಿ ಬಂದಿದೆ. ವೈದಿಕ ವೃತ್ತಿಯ ಮನೆಗಳ ನಡುವೆ ಈ ಬಲ್ಲಾಳರು ಭೂಮಿಯ ಒಡೆತನ ಮತ್ತು ದೇವಸ್ಥಾನದ ಆಡಳಿತದಿಂದ ಗುರುತಿಸಿಕೊಂಡವರು. ಉಡುಪಿಗೆ ಹೊಂದಿದ ಅಂಬಲಪಾಡಿಯಲ್ಲಿರುವ ನಿಡಂಬೂರು ಬೀಡು ಇದಕ್ಕೆ ಪ್ರಸಿದ್ಧ ಉದಾಹರಣೆ. ಅಲ್ಲಿನ ಜನಾರ್ದನ ಮಹಾಕಾಳಿ ದೇವಸ್ಥಾನದ ಧರ್ಮದರ್ಶಿತ್ವ ಈ ಮನೆತನದಲ್ಲಿ ನಡೆದುಬಂದಿದೆ.

ಭೌಗೋಳಿಕ ಹರಡಿಕೆ

ಬಲ್ಲಾಳ ಕುಲನಾಮದ ನೆಲೆ ಪಶ್ಚಿಮ ಘಟ್ಟ ಮತ್ತು ಕಡಲಿನ ನಡುವಿನ ಸಣ್ಣ ಪಟ್ಟಿ. ಉತ್ತರದಲ್ಲಿ ಉಡುಪಿಯ ಸುತ್ತಿನ ಊರುಗಳು, ಪೂರ್ವದಲ್ಲಿ ಘಟ್ಟದ ಬುಡದ ಕಾರ್ಕಳ ಮತ್ತು ಮೂಡುಬಿದಿರೆ, ದಕ್ಷಿಣದಲ್ಲಿ ಮಂಗಳೂರು, ಬಂಟ್ವಾಳ, ಪುತ್ತೂರು ಪ್ರದೇಶಗಳನ್ನು ದಾಟಿ ಕಾಸರಗೋಡಿನವರೆಗೆ ಇದು ಹಬ್ಬಿದೆ. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ್ದರಿಂದ ಒಂದೇ ನೆಲೆಯ ಹೆಸರು ಎರಡು ರಾಜ್ಯಗಳಲ್ಲಿ ಹಂಚಿಹೋಯಿತು. ಘಟ್ಟದ ಮೇಲೆ, ಹೊಯ್ಸಳ ಬಲ್ಲಾಳರು ಆಳಿದ ಹಾಸನ ಮತ್ತು ಚಿಕ್ಕಮಗಳೂರು ಸೀಮೆಯಲ್ಲಿ, ಈ ಕುಲನಾಮ ಬೇರೂರಲಿಲ್ಲ. ಅರಸನ ಹೆಸರು ಒಂದು ಕಡೆ, ಕುಲನಾಮ ಇನ್ನೊಂದು ಕಡೆ ಎಂಬ ಈ ಅಂತರವೂ ತುಳುನಾಡಿನ ಬಲ್ಲಾಳ ಪದವಿಯಿಂದ ಹುಟ್ಟಿದ ಹೆಸರೆಂಬುದಕ್ಕೆ ಒತ್ತಾಸೆಯಾಗಿದೆ.

ಇಪ್ಪತ್ತನೆಯ ಶತಮಾನದಲ್ಲಿ ಕರಾವಳಿಯ ಜನ ಹೋಟೆಲು, ಬ್ಯಾಂಕು, ಕಚೇರಿ ಕೆಲಸಗಳಿಗಾಗಿ ಮುಂಬಯಿಗೆ ಹೋದಾಗ ಈ ಹೆಸರೂ ಜೊತೆಗೆ ಹೋಯಿತು. ಕಾದಂಬರಿಕಾರ ವ್ಯಾಸರಾಯ ಬಲ್ಲಾಳ (1923–2008) ಉಡುಪಿಯಲ್ಲಿ ಹುಟ್ಟಿ ಬಾಳಿನ ಬಹುಪಾಲನ್ನು ಮುಂಬಯಿಯಲ್ಲಿ ಕಳೆದವರು. ಅಲ್ಲಿನ ಕಾರ್ಮಿಕ ಜಗತ್ತನ್ನು ಚಿತ್ರಿಸುವ ಅವರ ‘ಬಂಡಾಯ’ ಕಾದಂಬರಿಗೆ 1986ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ಬೆಂಗಳೂರು ಮತ್ತು ಕೊಲ್ಲಿ ರಾಷ್ಟ್ರಗಳ ಕಡೆಗಿನ ವಲಸೆ ಆ ನಂತರದ್ದು.

ರೂಪಭೇದಗಳು ಮತ್ತು ಹೋಲುವ ಹೆಸರುಗಳು

ಕನ್ನಡದಲ್ಲಿ ಬಲ್ಲಾಳ, ಬಲ್ಲಾಳ್ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ಳಕಾರವಿಲ್ಲದ ಭಾಷೆಗಳಲ್ಲಿ ಇದು ಬಲ್ಲಾಲ್ ಆಗುತ್ತದೆ. ಇಂಗ್ಲಿಷ್ ಬರವಣಿಗೆಯಲ್ಲಿ ಲ, ಳ ವ್ಯತ್ಯಾಸವಿಲ್ಲದ್ದರಿಂದ ಹೊರನಾಡಿನಲ್ಲಿ ಬೆಳೆದವರ ಬಾಯಲ್ಲಿಯೂ ಬಲ್ಲಾಲ್ ಎಂಬ ಉಚ್ಚಾರಣೆ ರೂಢವಾಗುತ್ತಿದೆ.

ಮರಾಠಿಯ ‘ಬಲ್ಲಾಳ’ವನ್ನು ಇದರಿಂದ ಬೇರೆಯಾಗಿ ನೋಡಬೇಕು. ಅಲ್ಲಿ ಅದು ಹೆಚ್ಚಾಗಿ ಅಂಕಿತನಾಮ. ಬಾಳಾಜಿ ಎಂಬ ಹೆಸರಿನ ಇನ್ನೊಂದು ರೂಪವಾಗಿಯೂ ಬಳಕೆಯಾಗುತ್ತಿತ್ತು. ಬಾಳಾಜಿ ವಿಶ್ವನಾಥನ ಮಗನಾದ ಪೇಶ್ವೆ ಒಂದನೆಯ ಬಾಜೀರಾಯ (1700–1740) ‘ಬಾಜೀರಾವ್ ಬಲ್ಲಾಳ’ ಎನಿಸಿಕೊಂಡದ್ದು ತಂದೆಯ ಹೆಸರಿನಿಂದ. ಮಹಾರಾಷ್ಟ್ರದ ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದಾದ ಪಾಲಿಯ ಗಣಪತಿಗೆ ಬಲ್ಲಾಳೇಶ್ವರ ಎಂಬ ಹೆಸರು ಬಂದದ್ದು ಬಲ್ಲಾಳನೆಂಬ ಬಾಲಭಕ್ತನಿಂದ ಎಂದು ಕ್ಷೇತ್ರಪುರಾಣ ಹೇಳುತ್ತದೆ.

ಅರಬ್ಬಿ ಮೂಲದ ಬಿಲಾಲ್ ಎಂಬ ಹೆಸರಿಗೂ ಬಲ್ಲಾಳಕ್ಕೂ ಸಂಬಂಧವಿಲ್ಲ. ತಮಿಳುನಾಡಿನ ಬೇಸಾಯಗಾರ ಸಮುದಾಯದ ಹೆಸರಾದ ವೆಳ್ಳಾಳ ಎಂಬುದು ಕೂಡ ಬೇರೆಯೇ ಪದ.

ಸ್ಥಳನಾಮಗಳಲ್ಲಿ

ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ಕಡೆಯ ಘಟ್ಟದ ನೆತ್ತಿಯಲ್ಲಿರುವ ಬಲ್ಲಾಳರಾಯನದುರ್ಗ ಹೊಯ್ಸಳರ ನೆನಪನ್ನು ಹೊತ್ತ ಕೋಟೆ. ಅದರ ಪಶ್ಚಿಮದ ಇಳಿಜಾರಿನ ಕೆಳಗೆ ಬೆಳ್ತಂಗಡಿ ಸೀಮೆ, ಅಂದರೆ ತುಳುನಾಡು, ಆರಂಭವಾಗುತ್ತದೆ. ಮಂಗಳೂರು ನಗರದಲ್ಲಿ ಬಲ್ಲಾಳ್‌ಬಾಗ್ ಎಂಬ ಬಡಾವಣೆಯಿದೆ. ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಬಲ್ಲಾರ್‌ಪುರದ ಹೆಸರನ್ನು ಗೊಂಡ ಅರಸ ಖಾಂಡಕ್ಯಾ ಬಲ್ಲಾಳ ಶಾಹನೊಂದಿಗೆ ಸೇರಿಸಿ ಹೇಳುತ್ತಾರೆ. ಕರಾವಳಿಯಲ್ಲಿ ಮನೆತನದ ನೆನಪು ಬಲ್ಲಾಳ ಎಂಬ ಪದಕ್ಕಿಂತ ಹೆಚ್ಚಾಗಿ ‘ಬೀಡು’ ಎಂಬ ಪದದಲ್ಲಿ ಉಳಿದಿದೆ. ನಿಡಂಬೂರು ಬೀಡು, ಎಣ್ಮೂರು ಬೀಡು ಎಂಬಂಥ ಹೆಸರುಗಳಲ್ಲಿ ಊರಿನ ಹೆಸರು ಮೊದಲು, ಬೀಡು ಆಮೇಲೆ. ಪಾಡ್ದನಗಳು ಬಲ್ಲಾಳರನ್ನು ಕರೆದದ್ದೂ ಇದೇ ಕ್ರಮದಲ್ಲಿ.